ಪರ್ಕಳದಿಂದ ಲ್ಯಾವೆಲ್ಲೆ ರಸ್ತೆಗೆ: ಒಂದು ದೊಡ್ಡ ಕಂಪನಿಯ ಸಂಶೋಧನೆ ಏನೇನು ಮಾಡಿದೆ

ಉಡುಪಿಯಿಂದ ಹೊರಟು ಮಣಿಪಾಲದ ಏರು ಹತ್ತಿ, ಪರ್ಕಳದಲ್ಲಿ ಜನರನ್ನು ತುಂಬಿಸಿಕೊಂಡು, ಹಿರಿಯಡಕ, ಪೆರ್ಡೂರು, ಹೆಬ್ರಿ ದಾಟಿ ಆಗುಂಬೆ ಘಾಟಿ ಏರುವ ಬಸ್ಸು ತೀರ್ಥಹಳ್ಳಿಯಲ್ಲಿ ತುಂಗೆಯ ದಡಕ್ಕೆ ಹೋಗಿ ನಿಲ್ಲುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಳಗೆ ಇದ್ದ ಕನ್ನಡ ಫಾಂಟಿಗೂ ‘ತುಂಗಾ’ ಎಂದೇ ಹೆಸರು. ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಒಂದು ಟಿಕ್ ಹಾಕಿ, ಕೇಳಿದಾಗ ಸಿ.ಡಿ. ಕೊಟ್ಟರೆ ಕನ್ನಡ ಮೂಡುತ್ತಿತ್ತು. ಒತ್ತಕ್ಷರ ಸರಿಯಾಗಿ ಕೆಳಗೆ ಕೂತದ್ದನ್ನು ಆ ಪರದೆಯಲ್ಲಿ ಮೊದಲ ಸಲ ನೋಡಿದ ಸಂತೋಷ ನನಗಿನ್ನೂ ನೆನಪುಂಟು.

ಆ ಫಾಂಟನ್ನು ಕೊಟ್ಟ ಮೈಕ್ರೋಸಾಫ್ಟ್ ಕಂಪನಿಗೂ ನಮ್ಮ ಊರಾದ ಪರ್ಕಳಕ್ಕೂ ಇನ್ನೊಂದು ನಂಟಿದೆ. ಅದರ ಮುಖ್ಯಸ್ಥ ಸತ್ಯ ನಾದೆಲ್ಲಾ ಓದಿದ್ದು ಪರ್ಕಳದ ಪಕ್ಕದ ಮಣಿಪಾಲದ ಎಂ.ಐ.ಟಿ.ಯಲ್ಲಿ. 1988ರಲ್ಲಿ ಇಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಮುಗಿಸಿ ಹೊರಟವರು 2014ರ ಫೆಬ್ರವರಿಯಲ್ಲಿ ಆ ಕಂಪನಿಯ ಚುಕ್ಕಾಣಿ ಹಿಡಿದರು. ಊರಿನಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದರೆ, ಅದೇ ಕಂಪನಿ ನಮ್ಮದೇ ರಾಜ್ಯದಲ್ಲಿ ಇಪ್ಪತ್ತು ವರ್ಷಗಳಿಂದ ನಡೆಸುತ್ತಿರುವ ಸಂಶೋಧನಾಲಯದ ಸುದ್ದಿಗೆ ಜಾಗವೇ ಉಳಿಯುವುದಿಲ್ಲ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ 2005ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥರು ಪಿ. ಆನಂದನ್. ಆರಂಭದ ಮನೆ ಸದಾಶಿವನಗರದಲ್ಲಿ, ಆಮೇಲೆ ಲ್ಯಾವೆಲ್ಲೆ ರಸ್ತೆಯ ‘ವಿಜ್ಞಾನ್’ ಎಂಬ ಕಟ್ಟಡದಲ್ಲಿ. ಅಲ್ಲಿ ಕೂತವರು ಏನನ್ನು ಹುಡುಕುತ್ತಾರೆ, ಹುಡುಕಿದ್ದು ಎಲ್ಲಿಗೆ ಮುಟ್ಟಿತು, ನಮ್ಮಂಥ ಊರಿಗೆ ಅದರಲ್ಲಿ ಏನು ಪಾಲು ಎಂದು ನೋಡುವುದು ಈ ಬರಹದ ಕೆಲಸ.

ದೊಡ್ಡ ಕಂಪನಿಯ ಮಾತಿಗೆ ಮೊದಲು ಒಬ್ಬರನ್ನು ನೆನೆಯಲೇಬೇಕು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅಚ್ಚುಮೊಳೆಯ ಜಗತ್ತಿನಿಂದ ಕಂಪ್ಯೂಟರಿಗೆ ಬಂದವರು. ಕನ್ನಡವನ್ನು ಉಚ್ಚಾರದ ಕ್ರಮದಲ್ಲೇ ಟೈಪಿಸುವ ಕೀಲಿಮಣೆ ವಿನ್ಯಾಸ ಅವರದು. ಇವತ್ತು ‘ನುಡಿ’ ತಂತ್ರಾಂಶದಲ್ಲಿ ನಾವು ಬೆರಳಾಡಿಸುವುದು ಅದರ ಮೇಲೆಯೇ. ತಮ್ಮ ಕನ್ನಡ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಅದಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು, ಛಂದಸ್ಸಿನ ಆ ದೊಡ್ಡ ವಿದ್ವಾಂಸರ ಮೇಲಿನ ಗೌರವದಿಂದ. ರಾವ್ ಅವರು ನೆಲೆಸಿದ್ದು ಮಣಿಪಾಲದಲ್ಲಿ. ಒಬ್ಬ ಮನುಷ್ಯ, ಒಂದು ಭಾಷೆ, ಒಂದು ತೀರದ ತೊಂದರೆ, ಅದಕ್ಕೊಂದು ಪರಿಹಾರ: ಸಂಶೋಧನೆಯ ಈ ದಾರಿಯನ್ನು ನಮ್ಮ ಕಡೆಯವರು ಕಣ್ಣಾರೆ ಕಂಡಿದ್ದಾರೆ. ಕಂಪನಿಯ ದಾರಿ ಬೇರೆ. ಅಲ್ಲಿ ಹಣವುಂಟು, ನೂರಾರು ತಲೆಗಳುಂಟು, ಹಿಂದೆ ಒಂದು ಮಾರುಕಟ್ಟೆಯೂ ಉಂಟು.

ಕಂಪನಿಗಳು ಸಂಶೋಧನೆ ಮಾಡುವುದು ಹೊಸತೇನಲ್ಲ. ಅಮೆರಿಕದ ಟೆಲಿಫೋನ್ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, 1969ರಲ್ಲಿ ಯುನಿಕ್ಸ್ ಶುರುವಾಯಿತು. ನಕಲು ಯಂತ್ರದ ಜೆರಾಕ್ಸ್ ಕಂಪನಿ 1970ರಲ್ಲಿ ಕಟ್ಟಿದ ‘ಪಾರ್ಕ್’ ಎಂಬ ಸಂಶೋಧನಾಲಯ 1973ರಲ್ಲೇ ಮೌಸ್ ಮತ್ತು ಕಿಟಕಿಗಳಿರುವ ಕಂಪ್ಯೂಟರ್ ಮಾಡಿ ತೋರಿಸಿತ್ತು. ಅದರಿಂದ ಲಾಭ ಪಡೆದವರು ಬೇರೆಯವರು. ಮೈಕ್ರೋಸಾಫ್ಟ್ ತನ್ನ ಸಂಶೋಧನಾ ವಿಭಾಗವನ್ನು 1991ರಲ್ಲಿ ತೆರೆಯಿತು, 1997ರಲ್ಲಿ ಕೇಂಬ್ರಿಜ್‌ಗೆ, ಮರುವರ್ಷ ಬೀಜಿಂಗಿಗೆ, 2005ರಲ್ಲಿ ಬೆಂಗಳೂರಿಗೆ ಬಂತು. ಹೀಗೆ ತೆರೆದದ್ದೆಲ್ಲ ಉಳಿಯುತ್ತದೆಂದೇನಿಲ್ಲ. ಅದೇ ಕಂಪನಿ ಸಿಲಿಕಾನ್ ವ್ಯಾಲಿಯ ತನ್ನ ಸಂಶೋಧನಾಲಯವನ್ನು 2014ರಲ್ಲಿ ಮುಚ್ಚಿತು. ಕಂಪನಿಯ ತಾಳ್ಮೆ ಎಷ್ಟು ದಿನವೋ ಅಲ್ಲಿನ ವಿಜ್ಞಾನಕ್ಕೂ ಅಷ್ಟೇ ಆಯುಷ್ಯ ಎಂಬುದನ್ನು ಮುಂದಿನದನ್ನೆಲ್ಲ ಓದುವಾಗ ನೆನಪಿಟ್ಟುಕೊಳ್ಳಬೇಕು.

ಬೆಂಗಳೂರಿನ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮೊದಲ ಕೆಲವು ವರ್ಷಗಳವು. ಕೆಂಟಾರೊ ಟೊಯಾಮ ಎಂಬ ವಿಜ್ಞಾನಿ ಅಲ್ಲೊಂದು ಗುಂಪು ಕಟ್ಟಿದರು. ಕಂಪ್ಯೂಟರ್ ಬಳಸದವರ ನಡುವೆ ಕಂಪ್ಯೂಟರಿನಿಂದ ಏನಾದರೂ ಆದೀತೇ ಎಂದು ನೋಡುವುದು ಅದರ ಉದ್ದೇಶ. ಆ ಗುಂಪಿನ ಇಂದ್ರಾಣಿ ಮೇಧಿ ಬೆಂಗಳೂರಿನ ಕೊಳೆಗೇರಿಗಳಿಗೆ ಹೋದರು. ಮನೆಗೆಲಸದ ಹೆಂಗಸರ ನಡುವೆ ಕೆಲಸ ಮಾಡುವ ಸ್ತ್ರೀ ಜಾಗೃತಿ ಸಮಿತಿಯ ಜೊತೆಗೂಡಿ, ಓದಲು ಬಾರದವರು ತಾವೇ ಕೆಲಸ ಹುಡುಕಿಕೊಳ್ಳಬಹುದಾದ ಒಂದು ಅಕ್ಷರವಿಲ್ಲದ ಪರದೆಯನ್ನು ಮಾಡಲು ಹೊರಟರು.

ಚಿತ್ರ ಹಾಕಿ ದನಿ ಸೇರಿಸಿದರೆ ಮುಗಿಯಿತು ಎಂದು ನಮಗೆ ಅನ್ನಿಸಬಹುದು. ಆದರೆ ಪಾತ್ರೆ ತೊಳೆಯುವ ಕೆಲಸಕ್ಕೆ ಬರೀ ಪಾತ್ರೆಯ ಚಿತ್ರ ಬರೆದರೆ ನೋಡಿದವರಿಗೆ ಅದು ಪಾತ್ರೆ ಮಾತ್ರ. ನಲ್ಲಿಯಿಂದ ನೀರು ಬೀಳುತ್ತಿರಬೇಕು, ಕೆಲಸ ನಡೆಯುತ್ತಿರಬೇಕು, ಆಗ ಅದು ‘ತೊಳೆಯುವುದು’ ಆಗುತ್ತದೆ. ಇದನ್ನು ಸರಿಪಡಿಸಿದ ಮೇಲೂ ಹೆಂಗಸರು ಹಿಂಜರಿದರು. ಯಾವುದೋ ಮನೆಯ ಕೆಲಸದ ಸುದ್ದಿ ಈ ಪೆಟ್ಟಿಗೆಯೊಳಗೆ ಬಂದದ್ದು ಹೇಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ನಂಬುವುದಾದರೂ ಹೇಗೆ? ಕೊನೆಗೆ ಒಂದು ಸಣ್ಣ ವಿಡಿಯೊ ಸೇರಿಸಿದರು. ಕೆಲಸದವರು ಬೇಕಾದ ಮನೆಯವರು ಸುದ್ದಿ ಕೊಡುವುದು, ಅದು ಪೆಟ್ಟಿಗೆಗೆ ಸೇರುವುದು, ಕೆಲಸ ಬೇಕಾದವಳು ಬಂದು ನೋಡುವುದು, ಎಲ್ಲವೂ ಕಥೆಯ ಹಾಗೆ. ಆಮೇಲೆ ಕೈ ಮುಂದೆ ಬಂತು. ಗುಂಡಿ ಎಲ್ಲಿ, ಬಣ್ಣ ಯಾವುದು ಎಂಬಲ್ಲಿಗೆ ಈ ಪ್ರಶ್ನೆ ಮುಗಿಯುವುದಿಲ್ಲ, ನಂಬಿಕೆ ಎಲ್ಲಿಂದ ಬರುತ್ತದೆ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅರಿತದ್ದು ಆ ಕೆಲಸದ ಹೆಚ್ಚುಗಾರಿಕೆ.

ಶಾಲೆಯ ಕಥೆಯೂ ಹೀಗೆಯೇ. ಹಳ್ಳಿಶಾಲೆಯಲ್ಲಿ ಕಂಪ್ಯೂಟರ್ ಒಂದು, ಸುತ್ತ ಐದಾರು ಮಕ್ಕಳು, ಮೌಸ್ ಮಾತ್ರ ಯಾವಾಗಲೂ ಒಬ್ಬನ ಕೈಯಲ್ಲಿ. ಉಳಿದವರು ಭುಜದ ಮೇಲಿಂದ ಇಣುಕುವವರು. ಕಂಪ್ಯೂಟರ್ ಹೆಚ್ಚಿಸಲು ದುಡ್ಡಿಲ್ಲದಿದ್ದರೆ ಮೌಸ್ ಹೆಚ್ಚಿಸಬಾರದೇ ಎಂದು ಯೋಚಿಸಿದವರು ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್ ಮತ್ತು ಟೊಯಾಮ. ಒಂದೇ ಪರದೆಯಲ್ಲಿ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ. ಬೆಂಗಳೂರಿನ ಸುತ್ತಲಿನ ಶಾಲೆಗಳಲ್ಲಿ ಇಂಗ್ಲಿಷ್ ಪದಗಳನ್ನು ಕಲಿಸಿ ನೋಡಿದಾಗ ಒಂದು ಸೂಕ್ಷ್ಮ ಗೊತ್ತಾಯಿತು. ಮೊದಲು ಒತ್ತಿದವನು ಗೆದ್ದ ಎಂದಿಟ್ಟರೆ ಗಂಡುಹುಡುಗರು ಓದದೆಯೇ ಒತ್ತುತ್ತಾರೆ, ಕಲಿಕೆ ಕುಸಿಯುತ್ತದೆ. ಎಲ್ಲರೂ ಸರಿಯುತ್ತರಕ್ಕೆ ಬಂದ ಮೇಲೆಯೇ ಮುಂದಿನ ಪುಟ ಎಂದಿಟ್ಟರೆ, ತನಗೇ ಒಂದು ಕಂಪ್ಯೂಟರ್ ಸಿಕ್ಕ ಮಗು ಕಲಿತಷ್ಟೇ ಹೆಚ್ಚುಕಡಿಮೆ ಇವರೂ ಕಲಿಯುತ್ತಾರೆ. ಕಂಪನಿ ಈ ತಂತ್ರವನ್ನು ಮುಂದೆ ವಿಂಡೋಸ್ ಮಲ್ಟಿಪಾಯಿಂಟ್ ಎಂದು ಹೊರಗೆ ತಂದಿತು.

ಅದೇ ಗುಂಪಿನ ರಿಕಿನ್ ಗಾಂಧಿ 2006ರಲ್ಲಿ ಶುರುಮಾಡಿದ ‘ಡಿಜಿಟಲ್ ಗ್ರೀನ್’ ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿದ್ದು. ಕೃಷಿ ವಿಶ್ವವಿದ್ಯಾಲಯದ ಪರಿಣತರ ಬದಲು ಊರಿನದೇ ರೈತ ತನ್ನ ಹೊಲದಲ್ಲಿ ನಿಂತು ಮಾಡಿ ತೋರಿಸುವ ವಿಡಿಯೊ. ಅದನ್ನು ಊರಿನದೇ ಒಬ್ಬರು ರಾತ್ರಿ ಜನ ಸೇರಿಸಿ ಹಾಕುವುದು, ನಡುನಡುವೆ ನಿಲ್ಲಿಸಿ ‘ಇದು ನಿಮ್ಮಲ್ಲಿ ಆಗುತ್ತದಾ?’ ಎಂದು ಕೇಳುವುದು. ನೋಡಲು ಕೂತ ರೈತರು ಮೊದಲು ಕೇಳುತ್ತಿದ್ದುದು ಬೀಜ ಗೊಬ್ಬರದ ವಿಷಯವಲ್ಲ, ‘ಇವರ ಹೆಸರೇನು, ಯಾವ ಊರು?’ ಎಂದು ಎಂಬುದನ್ನು ಗಾಂಧಿ ಹಲವು ಸಲ ಹೇಳಿದ್ದಾರೆ. ಯಾವ ಊರು, ಯಾರ ಮನೆಯವರು ಎಂದು ತಿಳಿದ ಮೇಲೆಯೇ ಮಾತು ಮುಂದುವರಿಸುವ ನಮ್ಮ ತುಳುನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2008ರಲ್ಲಿ ಅದು ಕಂಪನಿಯಿಂದ ಹೊರಬಂದು ಸ್ವಂತ ಸಂಸ್ಥೆಯಾಯಿತು.

ಅಲ್ಲಿಯವರೇ ಆದ ಬಿಲ್ ಥೀಸ್ ಅವರ ‘99 ಡಾಟ್ಸ್’ ಕ್ಷಯರೋಗಿಗಳಿಗಾಗಿ ಆದದ್ದು. ಕ್ಷಯದ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ನುಂಗಿದರೋ ಇಲ್ಲವೋ ಎಂದು ನೋಡಲು ರೋಗಿಯನ್ನು ಆರೋಗ್ಯ ಕೇಂದ್ರಕ್ಕೆ ಬರಹೇಳುವುದು ಹಳೆಯ ಕ್ರಮ. ಕೂಲಿಯವರಿಗೆ ಅದು ದಿನದ ಸಂಬಳಕ್ಕೇ ಕತ್ತರಿ. ಥೀಸ್ ಮಾತ್ರೆಯ ಹಾಳೆಗೆ ಒಂದು ಕಾಗದದ ಹೊದಿಕೆ ಹಾಕಿಸಿದರು. ಮಾತ್ರೆಯನ್ನು ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಒಂದು ಫೋನ್ ನಂಬರು ಕಾಣುತ್ತದೆ. ಯಾವ ಮಾತ್ರೆಯ ಹಿಂದೆ ಯಾವ ನಂಬರು ಎಂದು ಮೊದಲೇ ಊಹಿಸಲಾಗದು. ಆ ನಂಬರಿಗೆ ದುಡ್ಡು ಖರ್ಚಾಗದ ಒಂದು ಕರೆ ಮಾಡಿದರೆ ಆಯಿತು. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ. ಇದು ಮುಂದೆ ಎವರ್‌ವೆಲ್ ಎಂಬ ಬೇರೆ ಸಂಸ್ಥೆಯ ಕೈಗೆ ಹೋಗಿ ದೇಶದ ಕ್ಷಯ ಕಾರ್ಯಕ್ರಮದೊಳಗೆ ಸೇರಿತು. ಥೀಸ್ ಅವರಿಗೆ 2016ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು. ಇಷ್ಟು ಹೇಳಿ ನಿಲ್ಲಿಸುವುದು ಸರಿಯಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರು ಬಹಳ ಮಂದಿ ಎಂದು ನಂತರದ ಅಧ್ಯಯನಗಳು ತೋರಿಸಿದವು. ಪರದೆಯಲ್ಲಿ ಕಾಣುವ ಲೆಕ್ಕ ರೋಗಿಯ ನಿಜವಾದ ಲೆಕ್ಕವಾಗಿರಲಿಲ್ಲ. ಇದನ್ನು ಮುಚ್ಚಿಡದೆ ಬರೆದವರ ಮೇಲೆ ನನಗೆ ಗೌರವ ಹೆಚ್ಚು.

ಮಹಾರಾಷ್ಟ್ರದ ವಾರಣಾ ಸಕ್ಕರೆ ಸಹಕಾರಿಯಲ್ಲಿ ಇದೇ ಗುಂಪು ಇನ್ನೂ ನೇರವಾದದ್ದನ್ನು ಮಾಡಿತು. ಅಲ್ಲಿ ಹಳ್ಳಿಹಳ್ಳಿಗೆ ಕಂಪ್ಯೂಟರ್ ಕೊಟ್ಟು ವರ್ಷಗಳಾಗಿದ್ದವು. ರೈತರು ಅದರಲ್ಲಿ ನೋಡುತ್ತಿದ್ದುದು ತಮ್ಮ ಕಬ್ಬಿನ ತೂಕ, ಗೊಬ್ಬರದ ಲೆಕ್ಕ, ಅಷ್ಟೇ. ಹಾಗಾದರೆ ಕಂಪ್ಯೂಟರ್ ಏಕೆ, ಒಂದು ಎಸ್ಸೆಮ್ಮೆಸ್ ಸಾಲದೇ? ಸಾಕಾಯಿತು. ಕಂಪ್ಯೂಟರ್ ತಂತ್ರಾಂಶ ಮಾರುವ ಕಂಪನಿಯ ವಿಜ್ಞಾನಿಗಳೇ ‘ಇಲ್ಲಿ ಕಂಪ್ಯೂಟರ್ ಬೇಡ’ ಎಂದು ಹೇಳಬಲ್ಲರಾದರೆ ಆ ಸಂಶೋಧನಾಲಯಕ್ಕೆ ಬೆನ್ನೆಲುಬು ಉಂಟು ಎಂದರ್ಥ. ಟೊಯಾಮ ಮುಂದೆ ಕಂಪನಿ ಬಿಟ್ಟು, 2015ರಲ್ಲಿ ‘ಗೀಕ್ ಹೆರೆಸಿ’ ಎಂಬ ಪುಸ್ತಕ ಬರೆದರು. ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ ಎಂಬುದು ಅದರ ಸಾರ. ಒಳ್ಳೆಯ ಮೇಷ್ಟ್ರಿರುವ ಶಾಲೆಯಲ್ಲಿ ಕಂಪ್ಯೂಟರ್ ಒಳ್ಳೆಯದನ್ನು ಮಾಡುತ್ತದೆ, ಮೇಷ್ಟ್ರೇ ಬಾರದ ಶಾಲೆಯಲ್ಲಿ ಧೂಳು ತಿನ್ನುತ್ತದೆ. ಆ ಸಂಶೋಧನಾಲಯದಿಂದ ಹೊರಬಿದ್ದ ವಿಚಾರಗಳಲ್ಲಿ ಬಹುಕಾಲ ಉಳಿಯುವಂಥದ್ದು ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನು ರಸ್ತೆಗೆ ಬರೋಣ. ಪರ್ಕಳದ ಪೇಟೆ ದಾಟುವ ಬಸ್ಸಿನಲ್ಲಿ ಮಳೆಗಾಲದಲ್ಲಿ ನಿಂತು ಹೋದವರಿಗೆ ಹೊಂಡದ ಆಳ ಮೊಣಕಾಲಿಗೇ ಗೊತ್ತಾಗುತ್ತದೆ. ಜೇಬಿನಲ್ಲಿರುವ ಫೋನಿಗೂ ಅದು ಗೊತ್ತಾಗಬಾರದೇ? 2008ರಲ್ಲಿ ಪ್ರಶಾಂತ್ ಮೋಹನ್, ವೆಂಕಟ ಪದ್ಮನಾಭನ್, ರಾಮಚಂದ್ರನ್ ರಾಮ್‌ಜೀ ಮಾಡಿದ ‘ನೆರಿಸೆಲ್’ ಇದೇ ಪ್ರಶ್ನೆ ಹಿಡಿದು ಹೊರಟಿತು. ಫೋನಿನೊಳಗಿನ ಅಲುಗಾಟದ ಸಂವೇದಕದಿಂದ ಹೊಂಡವನ್ನೂ ಬ್ರೇಕನ್ನೂ ಗುರುತಿಸುವುದು, ಮೈಕಿನಿಂದ ಹಾರ್ನಿನ ಸದ್ದನ್ನು ಹಿಡಿಯುವುದು. ತೊಡಕು ಇದ್ದದ್ದು ಇಲ್ಲಿ: ಫೋನು ಜೇಬಿನಲ್ಲಿ ಅಡ್ಡವೋ ಉದ್ದವೋ ತಲೆಕೆಳಗೋ ಇರುತ್ತದೆ, ಅದರ ‘ಮೇಲೆ’ ಎಂಬುದು ರಸ್ತೆಯ ‘ಮೇಲೆ’ ಅಲ್ಲ. ಭೂಮಿಯ ಸೆಳೆತ ಯಾವ ಕಡೆಗಿದೆ, ಬ್ರೇಕ್ ಹಾಕಿದಾಗ ಎಳೆತ ಯಾವ ಕಡೆಗೆ ಎಂದು ನೋಡಿ ಫೋನು ತನ್ನ ದಿಕ್ಕನ್ನು ತಾನೇ ಲೆಕ್ಕದಲ್ಲಿ ತಿರುಗಿಸಿಕೊಳ್ಳುವಂತೆ ಅವರು ಮಾಡಿದರು. ಬೆಂಗಳೂರಿನ ರಸ್ತೆಗಳ ಮೇಲೆ ಪರೀಕ್ಷೆ ನಡೆಯಿತು. ಪಾಶ್ಚಾತ್ಯ ನಗರಗಳ ಸಂಚಾರ ಅಧ್ಯಯನಗಳಲ್ಲಿ ಹಾರ್ನಿಗೆ ಜಾಗವಿಲ್ಲ. ಹಾರ್ನ್ ನಮ್ಮಲ್ಲಿ ಒಂದು ಅಳತೆಯಾಗಬಲ್ಲದು ಎಂದು ಕಂಡದ್ದು ಇಲ್ಲಿನ ಬೀದಿಯಲ್ಲಿ ನಿಂತವರ ಕಣ್ಣಿಗೆ. ಪದ್ಮನಾಭನ್ ಅವರ ಗುಂಪು ಮುಂದೆ ಕಾರಿನ ಗಾಜಿಗೆ ಫೋನು ಸಿಕ್ಕಿಸಿ, ಚಾಲಕ ಮತ್ತು ರಸ್ತೆ ಎರಡನ್ನೂ ನೋಡುವ ‘ಹ್ಯಾಮ್ಸ್’ ಮಾಡಿತು. 2019ರಲ್ಲಿ ಡೆಹ್ರಾಡೂನಿನ ಆರ್‌ಟಿಒದಲ್ಲಿ ಲೈಸೆನ್ಸಿನ ಪರೀಕ್ಷೆಗೆ ಅದನ್ನು ಬಳಸತೊಡಗಿದರು.

ಇವೆಲ್ಲ ಕಣ್ಣಿಗೆ ಕಾಣುವಂಥವು. ಅದೇ ಕಟ್ಟಡದ ಇನ್ನೊಂದು ಮಗ್ಗುಲಲ್ಲಿ ಕಾಗದ ಪೆನ್ಸಿಲು ಸಾಕಾಗುವ ಕೆಲಸ ನಡೆಯುತ್ತದೆ. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ತ್ವರಿತವಾಗಿ ಹೇಳುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಜಗತ್ತು ಬೆರಗಾಗಿ ನೋಡಿದ ಸಂಗತಿ ಅದು, 2006ರ ಗೋಡೆಲ್ ಪ್ರಶಸ್ತಿಯೂ ಬಂತು. ಕಯಾಲ್ ಆಮೇಲೆ ಬೆಂಗಳೂರಿನ ಈ ಸಂಶೋಧನಾಲಯಕ್ಕೆ ಬಂದರು. ಇಲ್ಲಿ ಅವರ ಪ್ರಶ್ನೆ ಹೆಚ್ಚುಕಡಿಮೆ ಇದು: ಒಂದು ಲೆಕ್ಕವನ್ನು ಕೂಡುವುದು ಗುಣಿಸುವುದು ಇಷ್ಟರಿಂದಲೇ ಮಾಡಬೇಕಾದರೆ ಕನಿಷ್ಠ ಎಷ್ಟು ಹೆಜ್ಜೆ ಬೇಕೇ ಬೇಕು? ಅವರಿಗೆ 2021ರಲ್ಲಿ ಗಣಿತಕ್ಕೆ ಇನ್ಫೊಸಿಸ್ ಪ್ರಶಸ್ತಿ ಸಂದಿತು. ಇದರಿಂದ ನಾಳೆ ಕಂಪನಿಗೆ ಏನು ಸಿಗುತ್ತದೆ ಎಂದು ಯಾರೂ ಹೇಳಲಾರರು. ಹೇಳಲಾಗದ್ದಕ್ಕೂ ಸಂಬಳ ಕೊಡುವ ಕಂಪನಿಗಳು ಕಡಮೆಯಾಗುತ್ತಿರುವ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕು.

ಮುಂದೆ ಆ ಸಂಶೋಧನಾಲಯದ ಮುಖ್ಯಸ್ಥರಾದ ಶ್ರೀರಾಮ್ ರಾಜಮಣಿ ಹೆಸರು ಮಾಡಿದ್ದು ತಂತ್ರಾಂಶದ ತಪ್ಪು ಹುಡುಕುವ ವಿದ್ಯೆಯಲ್ಲಿ. ವಿಂಡೋಸ್ ಇದ್ದಕ್ಕಿದ್ದಂತೆ ನೀಲಿ ಪರದೆಯಾಗಿ ನಿಲ್ಲುತ್ತಿದ್ದುದು ಹಳಬರಿಗೆ ನೆನಪಿರಬಹುದು. ಬಹುಪಾಲು ತಪ್ಪು ಪ್ರಿಂಟರು, ಮೋಡೆಮ್ಮುಗಳನ್ನು ನಡೆಸುವ ಹೊರಗಿನವರ ಡ್ರೈವರ್ ತಂತ್ರಾಂಶದ್ದು. ರಾಜಮಣಿ ಮತ್ತು ಟಾಮ್ ಬಾಲ್ ಕಂಪನಿಯ ಕೇಂದ್ರವಾದ ರೆಡ್ಮಂಡಿನಲ್ಲಿ ಕಟ್ಟಿದ ‘ಸ್ಲ್ಯಾಮ್’ ಆ ತಂತ್ರಾಂಶವನ್ನು ಓಡಿಸದೆಯೇ ಓದಿ, ನಿಯಮ ಮುರಿಯುವ ದಾರಿ ಎಲ್ಲಾದರೂ ಇದೆಯೇ ಎಂದು ಹೇಳುತ್ತಿತ್ತು. ನಿಯಮಗಳು ಸರಳ: ಬೀಗ ಹಾಕಿದವನು ತೆಗೆಯದೆ ಮತ್ತೆ ಬೀಗ ಹಾಕಬಾರದು, ಅಂಥವು. ದಾರಿಗಳು ಮಾತ್ರ ಲೆಕ್ಕವಿಲ್ಲದಷ್ಟು. ತರ್ಕಶಾಸ್ತ್ರದ ಇಷ್ಟು ಶುದ್ಧವಾದ ಸಿದ್ಧಾಂತ ಕೋಟ್ಯಂತರ ಜನರ ಮೇಜಿನ ಮೇಲಿನ ಯಂತ್ರವನ್ನು ನೇರವಾಗಿ ಗಟ್ಟಿ ಮಾಡಿದ ಉದಾಹರಣೆಗಳು ಹೆಚ್ಚಿಲ್ಲ. ಗೂಢಲಿಪಿಯ ಗುಂಪೂ ಒಂದುಂಟು. ನಿಶಾಂತ್ ಚಂದ್ರನ್, ದಿವ್ಯಾ ಗುಪ್ತಾ ಮೊದಲಾದವರ ‘ಈಜಿಪಿಸಿ’ಯ ಗುರಿ, ಆಸ್ಪತ್ರೆ ತನ್ನ ರೋಗಿಯ ಎಕ್ಸ್‌ರೇಯನ್ನು ತೋರಿಸದೆ, ಕಂಪನಿ ತನ್ನ ಸೂತ್ರವನ್ನು ಬಿಟ್ಟುಕೊಡದೆ, ಇಬ್ಬರೂ ಸೇರಿ ರೋಗ ಯಾವುದೆಂಬ ಉತ್ತರವನ್ನಷ್ಟೇ ಪಡೆಯುವುದು.

ಯಂತ್ರಕಲಿಕೆಯಲ್ಲಿ ಇವರ ಒಲವು ಚಿಕ್ಕದರ ಕಡೆಗೆ ಇದ್ದದ್ದು ನನಗೆ ಹಿಡಿಸಿತು. ಜಗತ್ತೆಲ್ಲ ದೊಡ್ಡ ದೊಡ್ಡ ಮಾದರಿಗಳ ಹಿಂದೆ ಓಡುತ್ತಿದ್ದಾಗ, 2017ರಲ್ಲಿ ಮಾಣಿಕ್ ವರ್ಮಾ, ಪ್ರತೀಕ್ ಜೈನ್ ಮತ್ತವರ ಸಂಗಾತಿಗಳು ‘ಬೊನ್ಸಾಯ್’ ಮತ್ತು ‘ಪ್ರೋಟೋಎನ್ಎನ್’ ಎಂಬ ವಿಧಾನಗಳನ್ನು ಮಾಡಿದರು. ಮಕ್ಕಳು ವಿಜ್ಞಾನ ಮೇಳಕ್ಕೆ ಬಳಸುವ ಆರ್ಡ್ವಿನೊ ಊನೊ ಹಲಗೆಗೆ ಇರುವ ನೆನಪು ಬರೀ 2 ಕಿಲೋಬೈಟ್. ಈ ಲೇಖನದ ಅರ್ಧ ಪುಟವೂ ಅದರಲ್ಲಿ ಹಿಡಿಯದು. ಅಷ್ಟರಲ್ಲೇ ಕಲಿತದ್ದನ್ನು ಕೂರಿಸಿದರು. ಕಣ್ಣು ಕಾಣದವರ ಬಿಳಿಕೋಲಿಗೆ ಸಿಕ್ಕಿಸುವ ಒಂದು ಪುಟ್ಟ ಸಾಧನವನ್ನೂ ಇದೇ ವಿದ್ಯೆಯಿಂದ ಮಾಡಿದರು. ಕೋಲನ್ನು ಒಂದು ರೀತಿ ತಿರುಗಿಸಿದರೆ, ಕುಟ್ಟಿದರೆ, ಜೇಬಿನ ಫೋನು ಅದನ್ನು ಅರ್ಥಮಾಡಿಕೊಂಡು ಕೆಲಸ ಮಾಡುತ್ತದೆ.

ಹರ್ಷ ಸಿಂಹಾದ್ರಿ ಮೊದಲಾದವರು 2019ರಲ್ಲಿ ಪ್ರಕಟಿಸಿದ ‘ಡಿಸ್ಕ್‌ಎಎನ್ಎನ್’ ಅನ್ನು ಪರ್ಕಳದ ಲೆಕ್ಕದಲ್ಲೇ ಹೇಳಬಹುದು. ಈಗಿನ ಹುಡುಕುಯಂತ್ರಗಳು ಪ್ರತಿ ಮಾತನ್ನೂ ಚಿತ್ರವನ್ನೂ ಒಂದು ನಕ್ಷೆಯ ಮೇಲಿನ ಚುಕ್ಕಿಯಾಗಿ ಇಡುತ್ತವೆ. ಅರ್ಥ ಹತ್ತಿರವಾದವು ಚುಕ್ಕಿಗಳಾಗಿಯೂ ಹತ್ತಿರ. ನೂರು ಕೋಟಿ ಚುಕ್ಕಿಗಳಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದ್ದು ಯಾವುದು? ಹೊಸಬರೊಬ್ಬರು ಪರ್ಕಳದಲ್ಲಿ ಬಸ್ಸಿಳಿದು ಒಂದು ಮನೆ ಹುಡುಕುವಾಗ ಎಲ್ಲ ಮನೆಗಳ ಬಾಗಿಲು ತಟ್ಟುವುದಿಲ್ಲ. ಮೊದಲ ಅಂಗಡಿಯಲ್ಲಿ ಕೇಳುತ್ತಾರೆ. ಅವರು ‘ಆ ದೇವಸ್ಥಾನದ ಹತ್ತಿರ ಹೋಗಿ ಕೇಳಿ’ ಎನ್ನುತ್ತಾರೆ. ಅಲ್ಲಿಯವರು ಇನ್ನೂ ಹತ್ತಿರದ ಗುರುತು ಕೊಡುತ್ತಾರೆ. ನಾಲ್ಕೈದು ಕಡೆ ಕೇಳುವಷ್ಟರಲ್ಲಿ ಅಂಗಳಕ್ಕೆ ಬಂದಿರುತ್ತಾರೆ. ಪ್ರತಿ ಚುಕ್ಕಿಗೂ ಯಾರ್ಯಾರ ಗುರುತಿರಬೇಕು ಎಂದು ಜಾಣತನದಿಂದ ಗೊತ್ತುಮಾಡಿ, ಆ ಪಟ್ಟಿಯನ್ನು ದುಬಾರಿಯಾದ ರ್‍ಯಾಮಿನ ಬದಲು ಅಗ್ಗದ ಎಸ್‌ಎಸ್‌ಡಿಯಲ್ಲಿ ಇಟ್ಟು, ನೂರು ಕೋಟಿ ಚುಕ್ಕಿಗಳನ್ನು 64 ಗಿಗಾಬೈಟ್ ನೆನಪಿನ ಒಂದೇ ಯಂತ್ರದಲ್ಲಿ ಹುಡುಕಬಹುದೆಂದು ಇವರು ತೋರಿಸಿದರು.

ಪ್ರಶ್ನೆಗೆ ಉತ್ತರ ಬರೆದುಕೊಡುವ ಭಾಷಾಮಾದರಿಗಳನ್ನು ಚುರುಕುಗೊಳಿಸಲು ಇಲ್ಲಿನವರು ಮಾಡಿದ 2024ರ ‘ಸಾರಥಿ-ಸರ್ವ್’ ಅನ್ನು ಉಡುಪಿ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತು ಅರ್ಥಮಾಡಿಕೊಳ್ಳಬಹುದು. ಐವತ್ತು ದೋಸೆಯ ಪಾರ್ಸೆಲ್ ಒಂದೇ ಸಲ ಕಲ್ಲು ಹಿಡಿದರೆ, ಮೇಜಿನಲ್ಲಿ ಎರಡನೆಯ ದೋಸೆಗೆ ಕಾಯುವವರೆಲ್ಲ ಕಾದೇ ಇರಬೇಕು. ಪಾರ್ಸೆಲನ್ನು ತುಂಡು ತುಂಡಾಗಿ ನಡುವೆ ಸೇರಿಸಿದರೆ ಕಲ್ಲೂ ಖಾಲಿ ಉಳಿಯುವುದಿಲ್ಲ, ಮೇಜಿನವರೂ ಕಾಯುವುದಿಲ್ಲ. ಭಾಷಾಮಾದರಿಗಳಿಗೆ ಉದ್ದದ ಪ್ರಶ್ನೆಯನ್ನು ಓದುವುದು ಆ ಪಾರ್ಸೆಲ್, ಉತ್ತರವನ್ನು ಒಂದೊಂದೇ ಪದವಾಗಿ ಕೊಡುವುದು ಮೇಜಿನ ದೋಸೆ.

ಕೊನೆಯದಾಗಿ ಭಾಷೆ. ನನ್ನ ಮನಸ್ಸು ನಿಲ್ಲುವುದು ಇಲ್ಲಿಯೇ.

ನಮ್ಮ ಪೇಟೆಯಲ್ಲಿ ಬೊಂಡದ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ಇದ್ದಾರೆ. ಟೈಪ್ ಮಾಡುವ ಅಭ್ಯಾಸ ಅವರಿಗಿಲ್ಲ, ಮಾತಾಡಿದ್ದನ್ನು ಬರೆದುಕೊಡುವ ಗುಂಡಿ ಒತ್ತಿಯೇ ಸುದ್ದಿ ಕಳಿಸುತ್ತಾರೆ. ಒಂದು ದಿನ ನಾನು ಎದುರಿಗಿರುವಾಗ ಲೋಡು ತರುವವನಿಗೆ ಹೇಳಿದರು: ‘ನಾಳೆ ಐವತ್ತು ಬೊಂಡ ಬೇಕಿತ್ತು ಮಾರಾಯ, ಬೆಳಿಗ್ಗೆಯೇ ಉಂಟಾ?’ ಫೋನು ‘ಬೋಂಡಾ’ ಎಂದು ಬರೆಯಿತು. ಘಟ್ಟದ ಮೇಲೆ ಅದು ಎಣ್ಣೆಯಲ್ಲಿ ಕರಿಯುವ ತಿಂಡಿ. ‘ಬೇಕಿತ್ತು’ ಎಂದು ಬರೆದದ್ದು ಸರಿಯೇ ಇತ್ತು, ಆದರೆ ಅದು ನಮ್ಮಲ್ಲಿ ಮರ್ಯಾದೆಯಿಂದ ಕೇಳುವ ರೀತಿ ಎಂದು, ಮುಗಿದುಹೋದ ಮಾತಲ್ಲ ಎಂದು ಯಂತ್ರಕ್ಕೆ ಯಾರು ಹೇಳಿಕೊಡಬೇಕು? ಅಕ್ಕ ಮತ್ತೆ ಹೇಳಿದರು, ಮತ್ತೆ ಬೋಂಡಾ. ಮೂರನೆಯ ಸಲ ಅವರು ಪುಸ್ತಕ ಓದುವ ಹಾಗೆ ನಿಧಾನವಾಗಿ ‘ಎಳನೀರು’ ಎಂದರು.

2020ರಲ್ಲಿ ಪ್ರತೀಕ್ ಜೋಶಿ, ಸೆಬಾಸ್ಟಿನ್ ಸಾಂಟಿ, ಅಮರ್ ಬುಧಿರಾಜ, ಕಾಲಿಕಾ ಬಾಲಿ, ಮೊನೊಜಿತ್ ಚೌಧುರಿ ಇದೇ ಸಂಶೋಧನಾಲಯದಿಂದ ಒಂದು ಪ್ರಬಂಧ ಪ್ರಕಟಿಸಿದರು. ಜಗತ್ತಿನ ಸುಮಾರು 2,500 ಭಾಷೆಗಳನ್ನು, ಕಂಪ್ಯೂಟರಿಗೆ ಉಣಿಸಲು ಎಷ್ಟು ಸಾಮಗ್ರಿ ಇದೆ ಎಂಬುದರ ಮೇಲೆ ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳಲ್ಲಿ ಕೂರಿಸಿದ ಪ್ರಬಂಧ ಅದು. ಸೊನ್ನೆಯಲ್ಲೇ 2,191 ಭಾಷೆಗಳು, ಎಂದರೆ ನೂರಕ್ಕೆ 88. ಇಂಗ್ಲಿಷ್ ಐದರಲ್ಲಿ, ಹಿಂದಿ ನಾಲ್ಕರಲ್ಲಿ, ತಮಿಳು ಮೂರರಲ್ಲಿ. ಸಾವಿರದೈನೂರು ವರ್ಷಗಳ ಶಾಸನಗಳಿರುವ ಕನ್ನಡ ಒಂದರಲ್ಲಿ. ಇದನ್ನು ಅವಮಾನ ಎಂದು ಓದಬಾರದು. ಆ ಪಟ್ಟಿ ಅಳೆದದ್ದು ಭಾಷೆಯನ್ನಲ್ಲ, ಕಂಪ್ಯೂಟರು ಓದುವ ರೂಪದಲ್ಲಿ ನಾವು ಏನನ್ನು ಇಟ್ಟಿದ್ದೇವೆ ಎಂಬುದನ್ನು.

ಈ ಕೊರತೆಯನ್ನು ತುಂಬುವ ಕೆಲಸವೂ ಅಲ್ಲಿ ನಡೆದಿದೆ. ಬಾಲಿ ಮತ್ತು ಸಂಗಡಿಗರ ‘ಎಲ್ಲೋರಾ’ ಯೋಜನೆ ಗೊಂಡಿ, ಮುಂಡಾರಿ, ಇದು-ಮಿಶ್ಮಿಗಳಂಥ ಭಾಷೆಗಳ ಜನರ ಜೊತೆಗೇ ಕೂತು, ಅವರಿಗೆ ಏನು ಬೇಕು ಎಂದು ಕೇಳಿ ಮಾಡಿದ್ದು. ವಿವೇಕ್ ಶೇಷಾದ್ರಿ 2017ರಲ್ಲಿ ಶುರುಮಾಡಿದ ‘ಕಾರ್ಯ’ ಇನ್ನೊಂದು ತುದಿಯಿಂದ ಬಂತು. ಹಳ್ಳಿಯವರು ತಮ್ಮ ಫೋನಿನಲ್ಲಿ ತಮ್ಮ ಮಾತಿನಲ್ಲಿ ವಾಕ್ಯಗಳನ್ನು ಓದಿ ಹೇಳುವುದು, ಅದಕ್ಕೆ ಸರಿಯಾದ ಕೂಲಿ ಪಡೆಯುವುದು. 2021ರಲ್ಲಿ ಅದು ಬೇರೆ ಸಂಸ್ಥೆಯಾಯಿತು. ಗಂಟೆಗೆ ಸುಮಾರು 5 ಡಾಲರ್ ಕೊಡುವುದು, ಅದೇ ದನಿಯನ್ನು ಮತ್ತೆ ಮಾರಿದರೆ ಮಾತಾಡಿದವರಿಗೂ ಪಾಲು ಕೊಡುವುದು ಅದರ ಕಟ್ಟಳೆ. ಕರ್ನಾಟಕದ ಹಳ್ಳಿಯ ಹೆಂಗಸರು ಕನ್ನಡ ಓದಿ ಹೀಗೆ ದುಡಿದಿದ್ದಾರೆ. ಭಾಷೆಯನ್ನು ಆಡುವವರಿಗೇ ಅದರ ಬೆಲೆ ಸಲ್ಲಬೇಕೆಂಬ ಈ ಕಟ್ಟಳೆಯಷ್ಟು ನ್ಯಾಯವಾದದ್ದನ್ನು ಈ ಉದ್ಯಮದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. 2024ರ ‘ಪರೀಕ್ಷಾ’ ಅಧ್ಯಯನಕ್ಕೂ ಕಾರ್ಯದವರೇ ಜನರನ್ನು ಒದಗಿಸಿದರು. ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ 30 ಭಾಷಾಮಾದರಿಗಳ ಉತ್ತರಗಳಿಗೆ ಆಯಾ ಭಾಷೆಯವರು ಕೊಟ್ಟ 90,000 ತೀರ್ಪುಗಳು ಅದರಲ್ಲಿವೆ. ಯಂತ್ರದ ಕನ್ನಡಕ್ಕೆ ಯಂತ್ರವೇ ಅಂಕ ಕೊಟ್ಟರೆ ಸಾಕೇ, ಕನ್ನಡಿಗರು ಓದಬೇಕೇ ಎಂಬ ಪ್ರಶ್ನೆಯನ್ನು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲೆಂದು ಕಾಣುತ್ತದೆ.

ಭಾಷೆ ಆಸ್ಪತ್ರೆಗೂ ಶಾಲೆಗೂ ಹೋಗಿದೆ. ಬೆಂಗಳೂರಿನ ಶಂಕರ ಕಣ್ಣಿನ ಆಸ್ಪತ್ರೆಯ ಜೊತೆ ಮೋಹಿತ್ ಜೈನ್ ಮತ್ತಿತರರು ಮಾಡಿದ ‘ಕ್ಯಾಟರಾಕ್ಟ್‌ಬಾಟ್’ ಪೊರೆಯ ಆಪರೇಶನ್ ಆಗಬೇಕಾದವರ ಪ್ರಶ್ನೆಗಳಿಗೆ ವಾಟ್ಸಾಪಿನಲ್ಲಿ, ಕನ್ನಡದಲ್ಲೂ, ಉತ್ತರ ಕೊಡುತ್ತದೆ. ಯಂತ್ರದ ಉತ್ತರ ಮೊದಲು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರುತ್ತದೆ. ವೈದ್ಯರು ನೋಡಿ ಒಪ್ಪಿದ ಮೇಲೆ ಹಸಿರು ಟಿಕ್, ತಪ್ಪಿದ್ದರೆ ತಿದ್ದುಪಡಿ. ತಿದ್ದಿದ್ದನ್ನು ಯಂತ್ರ ಮುಂದಿನ ಸಲಕ್ಕೆ ನೆನಪಿಡುತ್ತದೆ. ಆ ಚಿಹ್ನೆಯನ್ನು ಇಡಲು ಮನಸ್ಸು ಮಾಡಿದವರು ರೋಗಿಯ ಕಡೆಯಿಂದ ಯೋಚಿಸಿದ್ದಾರೆ. ಶಿಕ್ಷಣ ಫೌಂಡೇಶನ್ ಜೊತೆ ಮಾಡಿದ ‘ಶಿಕ್ಷಾ ಕೋಪೈಲಟ್’ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಪಾಠಯೋಜನೆ ಬರೆಯಲು ನೆರವಾಗುತ್ತದೆ. ಅದರ ಫಲ ಹೇಳಲು ಇನ್ನೂ ಕೆಲವು ವರ್ಷ ಬೇಕು.

ಮೈಕ್ರೋಸಾಫ್ಟ್ ಒಂದೇ ಅಲ್ಲ. ಗೂಗಲ್ 2019ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅದರ ‘ಮುರಿಲ್’ ಮಾದರಿ ಕನ್ನಡವೂ ಸೇರಿದಂತೆ 17 ಭಾಷೆಗಳನ್ನು ಕಲಿತಿತ್ತು. ಪರ್ಕಳದ ಅಂಗಡಿಗಳಲ್ಲಿ ದಿನವಿಡೀ ಕೇಳುವ ತುಳುವಾಗಲಿ ಕೊಂಕಣಿಯಾಗಲಿ ಅದರಲ್ಲಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಅವರು ನಡೆಸುತ್ತಿರುವ ‘ವಾಣಿ’ ಯೋಜನೆ ಭಾಷೆಯ ಹೆಸರಿನಿಂದ ಹೊರಡುವುದಿಲ್ಲ, ಜಿಲ್ಲೆಯಿಂದ ಹೊರಡುತ್ತದೆ. ದೇಶದ ಪ್ರತಿ ಜಿಲ್ಲೆಯಲ್ಲಿ ಜನ ಹೇಗೆ ಮಾತಾಡುತ್ತಾರೋ ಹಾಗೆಯೇ ಹಿಡಿದಿಡುವುದು ಅದರ ಗುರಿ. ನಮಗೆ ಬೇಕಾದ ಕ್ರಮ ಅದು. ಏಕೆಂದರೆ ಇಲ್ಲಿನ ಮಾತು ಪಠ್ಯಪುಸ್ತಕದ ಕನ್ನಡವಲ್ಲ, ಬರೀ ತುಳುವೂ ಅಲ್ಲ. ಒಂದೇ ಉಸಿರಿನಲ್ಲಿ ಎರಡೂ ಬಂದು, ನಡುವೆ ಕೊಂಕಣಿಯ ಒಂದು ಪದ ಸೇರಿ, ಕೊನೆಗೆ ಇಂಗ್ಲಿಷಿನಲ್ಲಿ ಮುಗಿಯುತ್ತದೆ. 2024ರ ಜೂನಿನಲ್ಲಿ ಗೂಗಲಿನ ಅನುವಾದ ಸೇವೆಗೆ ತುಳು ಸೇರಿತು. ಅದೇ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಗೆ ತುಳು-ತಿಗಳಾರಿ ಲಿಪಿ ಬಂತು. ಇದರ ಹಿಂದಿರುವುದು ಯಾವ ಒಂದು ಕಂಪನಿಯೂ ಅಲ್ಲ, ತಾಳೆಗರಿಗಳನ್ನು ಓದುತ್ತ ಕೂತ ವಿದ್ವಾಂಸರ ವರ್ಷಾನುಗಟ್ಟಲೆಯ ದುಡಿಮೆ.

ಇದನ್ನೆಲ್ಲ ಓದಿಕೊಂಡ ಮೇಲೆ ಮೊನ್ನೆ ಆ ಅಕ್ಕನ ಅಂಗಡಿಗೆ ಹೋಗಿದ್ದೆ. ಅವರ ಫೋನು ಹೊಸತು. ಗುಂಡಿ ಒತ್ತಿ ಅವರು ಲೋಡಿನವನಿಗೆ ಸುದ್ದಿ ಕಳಿಸುತ್ತಿದ್ದರು; ಫೋನಿಗೆ ‘ಎಳನೀರು’ ಎಂದರು, ನನ್ನ ಕಡೆ ತಿರುಗಿ ‘ಬೊಂಡ ಕೊಡುವುದಾ, ಗಂಜಿ ಇರುವಂಥದ್ದಾ?’ ಎಂದು ಕೇಳಿದರು.